ಕೋಚಿಂಗ್ ಮಾತುಕತೆಯಲ್ಲಿ ಪರಸ್ಪರ ಒಪ್ಪಂದ ಮಾಡಿಕೊಳ್ಳುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಮ್ಯಾನೇಜರ್ ಒಬ್ಬರು ತಮ್ಮ ತಂಡದ ಉದ್ಯೋಗಿಯೊಬ್ಬರನ್ನು ಕರೆದು ಮುಕ್ಕಾಲು ಗಂಟೆ ಮಾತನಾಡುತ್ತಾರೆ. ಮುಗಿದ ಮೇಲೆ ಅದನ್ನು ತಮ್ಮ ಕ್ಯಾಲೆಂಡರಿನಲ್ಲಿ ಕೋಚಿಂಗ್ ಎಂದು ಗುರುತು ಹಾಕಿಕೊಳ್ಳುತ್ತಾರೆ. ಉದ್ಯೋಗಿಯಾದರೋ ಹೊರಬಂದವರೇ ಪಕ್ಕದ ಮೇಜಿನವರಿಗೆ 'ಇವತ್ತು ನನಗೆ ಎಚ್ಚರಿಕೆ ಕೊಟ್ಟರು' ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಮಾತುಕತೆ ಯಾವುದಕ್ಕಾಗಿ, ಅದರಲ್ಲಿ ಯಾರ ಪಾತ್ರವೇನು, ಅಲ್ಲಿ ಆಡಿದ ಮಾತು ಯಾರ ಕಿವಿಯವರೆಗೆ ಹೋಗುತ್ತದೆ ಎಂಬುದನ್ನು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕೋಚಿಂಗ್ ಎಂದರೆ ಇಲ್ಲಿ, ಉತ್ತರ ಹೇಳಿಕೊಡುವ ಬದಲು ಪ್ರಶ್ನೆಗಳ ಮೂಲಕ ಎದುರಿನವರು ತಾವೇ ದಾರಿ ಕಂಡುಕೊಳ್ಳಲು ನೆರವಾಗುವ ಮಾತುಕತೆ. ಇಂತಹ ಗೊಂದಲಕ್ಕೆ ಎಡೆ ಕೊಡದಂತೆ ಇಬ್ಬರೂ ಸೇರಿ ಮಾಡಿಕೊಳ್ಳಬೇಕಾದ ಒಪ್ಪಂದಗಳನ್ನು ಈ ಮಾರ್ಗದರ್ಶಿ ಹಂತ ಹಂತವಾಗಿ ವಿವರಿಸುತ್ತದೆ. ತಂಡದವರಿಗೆ ಕೋಚ್ ಆಗಿಯೂ ನೆರವಾಗಬೇಕಾದ ಮ್ಯಾನೇಜರುಗಳು, ಸಂಸ್ಥೆಯೊಳಗೇ ಇರುವ ಕೋಚ್‌ಗಳು, ಹೊರಗಿನಿಂದ ಬರುವ ವೃತ್ತಿಪರ ಕೋಚ್‌ಗಳು, ಈ ಮೂವರಿಗೂ ಇದು ಅನ್ವಯಿಸುತ್ತದೆ. ಅವರವರ ಸ್ಥಿತಿ ಬೇರೆಯಾಗುವ ಕಡೆ ಅದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ.

1995ರಲ್ಲಿ ಸ್ಥಾಪನೆಯಾದ, ಕೋಚ್‌ಗಳ ಅಂತರರಾಷ್ಟ್ರೀಯ ವೃತ್ತಿಸಂಘವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ 2019ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಎಂಟು ಮೂಲ ಸಾಮರ್ಥ್ಯಗಳ ಪಟ್ಟಿಯಲ್ಲಿ, ಒಪ್ಪಂದಗಳನ್ನು ಮಾಡಿಕೊಂಡು ಅವುಗಳನ್ನು ಉಳಿಸಿಕೊಂಡು ಹೋಗುವುದಕ್ಕೆ ಮೂರನೆಯ ಸ್ಥಾನವಿದೆ. ನೈತಿಕತೆ ಮತ್ತು ಕೋಚ್‌ನ ಮನೋಭಾವದ ನಂತರ ಅದು ಬರುತ್ತದೆ. ನಂಬಿಕೆ ಬೆಳೆಸುವುದು, ಗಮನವಿಟ್ಟು ಆಲಿಸುವುದು ಮೊದಲಾದವು ಅದರ ಮುಂದಿನ ಸಾಲಿನಲ್ಲಿವೆ. ಆ ಕ್ರಮ ನನಗೆ ಸರಿಯೆನಿಸುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಚಿಕಿತ್ಸಕ ಮತ್ತು ಚಿಕಿತ್ಸೆ ಪಡೆಯುವವರ ಸಂಬಂಧವನ್ನು ವಿಶ್ಲೇಷಿಸುತ್ತಾ, ಗುರಿಯ ಬಗೆಗಿನ ಒಮ್ಮತ, ಮಾಡಬೇಕಾದ ಕೆಲಸದ ಬಗೆಗಿನ ಒಮ್ಮತ ಮತ್ತು ಇಬ್ಬರ ನಡುವಿನ ಬಾಂಧವ್ಯ ಎಂಬ ಮೂರು ಅಂಗಗಳನ್ನು ಗುರುತಿಸಿದ್ದರು. ಕೋಚಿಂಗ್ ಕ್ಷೇತ್ರದವರೂ ಮುಂದೆ ಅದನ್ನು ಬಳಸಿಕೊಂಡರು. ಬಾಂಧವ್ಯ ಬೆಳೆದ ಮೇಲೆ ಒಪ್ಪಂದ ತಾನಾಗಿಯೇ ಆಗುತ್ತದೆ ಎಂದು ಹಲವರು ನಂಬಿ ಕೂರುತ್ತಾರೆ. ಕೆಲಸದ ಸ್ಥಳದಲ್ಲಿ, ಅದರಲ್ಲೂ ಇಬ್ಬರ ಹುದ್ದೆಗಳ ನಡುವೆ ಅಂತರವಿರುವಾಗ, ಬಹುಮಟ್ಟಿಗೆ ಇದರ ವಿರುದ್ಧವೇ ನಡೆಯುತ್ತದೆ: ಹೇಳಿದ್ದನ್ನು ಹೇಳಿದಂತೆ ನಡೆಸಿಕೊಟ್ಟ ಸಣ್ಣ ಸಣ್ಣ ಒಪ್ಪಂದಗಳಿಂದಲೇ ನಂಬಿಕೆ ಹುಟ್ಟುತ್ತದೆ.

ಹಂತ 1: ಕರೆಯುವ ಮೊದಲೇ ನಿಮ್ಮ ಪಾತ್ರವನ್ನು ನಿಶ್ಚಯಿಸಿಕೊಳ್ಳಿ

ನಡೆಯಲಿರುವ ಮಾತುಕತೆಯ ಫಲಿತಾಂಶ ನಿಜವಾಗಿಯೂ ತೆರೆದಿದೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ವಾರದ ವರದಿ ಶುಕ್ರವಾರ ಮಧ್ಯಾಹ್ನದೊಳಗೆ ಬರಲೇಬೇಕು ಎಂದು ನೀವು ಈಗಾಗಲೇ ತೀರ್ಮಾನಿಸಿದ್ದರೆ ಅದನ್ನು ನೇರವಾಗಿ ಹೇಳಿ. ಅದು ಸೂಚನೆ, ಸೂಚನೆ ಕೊಡುವುದು ಮ್ಯಾನೇಜರ್ ಕೆಲಸದ ಭಾಗವೇ, ಅದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ. ತೀರ್ಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಂಡು 'ಈ ಬಗ್ಗೆ ನಿಮಗೇನನಿಸುತ್ತದೆ?' ಎಂದು ಸುತ್ತಿ ಬಳಸಿ ಕೇಳುತ್ತಾ ಹೋದರೆ ಎದುರಿನವರು ಎರಡನೆಯ ಪ್ರಶ್ನೆಗೇ ಅದನ್ನು ಗುರುತಿಸುತ್ತಾರೆ, ಮುಂದೊಂದು ದಿನ ನೀವು ಪ್ರಾಮಾಣಿಕವಾಗಿ ಕೇಳಿದಾಗಲೂ ನಂಬುವುದಿಲ್ಲ.

ಹೆಚ್ಚಿನ ವಿಷಯಗಳಲ್ಲಿ ಒಂದು ಭಾಗ ನಿಗದಿಯಾಗಿರುತ್ತದೆ, ಇನ್ನೊಂದು ಭಾಗ ತೆರೆದಿರುತ್ತದೆ. ಗಡುವು ಬದಲಾಗದು, ಆದರೆ ಆ ಗಡುವನ್ನು ಮುಟ್ಟುವ ದಾರಿಯನ್ನು ಉದ್ಯೋಗಿ ತಾವೇ ಆರಿಸಿಕೊಳ್ಳಬಹುದು. ಇವೆರಡನ್ನೂ ಒಂದು ಹಾಳೆಯಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಮಾತಿನ ಆರಂಭದಲ್ಲೇ ಅದನ್ನು ಎದುರಿನವರಿಗೂ ತಿಳಿಸಬೇಕಾಗುತ್ತದೆ.

ಕಾರ್ಯಕ್ಷಮತೆ ಸುಧಾರಣಾ ಯೋಜನೆಯ ಅಡಿಯಲ್ಲಿರುವ ಉದ್ಯೋಗಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಯೋಜನೆಯ ಕೊನೆಯಲ್ಲಿ ಅವರ ಕೆಲಸ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರೇ ಕೋಚ್ ಆಗಿಯೂ ಕುಳಿತರೆ, ಎದುರಿನವರು ತಮ್ಮ ತೊಡಕುಗಳನ್ನು ಬಿಚ್ಚಿಡುವುದು ತಮ್ಮ ವಿರುದ್ಧ ತಾವೇ ಸಾಕ್ಷಿ ನುಡಿದಂತೆ ಆಗುತ್ತದೆ. ಇಂತಹ ಸಂದರ್ಭದಲ್ಲಿ ಕೋಚಿಂಗ್ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸುವುದು ಲೇಸು. ಅದು ಸಾಧ್ಯವಿಲ್ಲದಿದ್ದರೆ, ಯೋಜನೆಯ ಪರಿಶೀಲನಾ ಸಭೆಯನ್ನೂ ಕೋಚಿಂಗ್ ಮಾತುಕತೆಯನ್ನೂ ಬೇರೆ ಬೇರೆ ದಿನಗಳಲ್ಲಿ ಇಟ್ಟುಕೊಂಡು, ಯಾವ ದಿನ ಯಾವ ಪಾತ್ರದಲ್ಲಿ ಕುಳಿತಿದ್ದೀರಿ ಎಂಬುದನ್ನು ಪ್ರತಿ ಸಲವೂ ಹೇಳಬೇಕು.

ಹಂತ 2: ಆಹ್ವಾನದಲ್ಲೇ ವಿಷಯ ತಿಳಿಸಿ

'ನಾಳೆ ಹತ್ತು ಗಂಟೆಗೆ ಸ್ವಲ್ಪ ಬನ್ನಿ, ಮಾತನಾಡಬೇಕು' ಎಂಬ ಒಂದು ಸಾಲಿನ ಸಂದೇಶ ಓದಿದವರು ರಾತ್ರಿಯಿಡೀ ತಾವೇನು ತಪ್ಪು ಮಾಡಿದೆವು ಎಂದು ಲೆಕ್ಕ ಹಾಕುತ್ತಾರೆ. ವಿಷಯ, ಅವಧಿ, ಸ್ಥಳ ಮತ್ತು ಮುಂದೂಡುವ ಅವಕಾಶ, ಈ ನಾಲ್ಕೂ ಆಹ್ವಾನದಲ್ಲಿರಲಿ. ಉದಾಹರಣೆಗೆ: 'ಹೊಸ ಜವಾಬ್ದಾರಿ ವಹಿಸಿಕೊಂಡ ಮೇಲೆ ನಿಮಗೆ ಎಲ್ಲೆಲ್ಲಿ ಭಾರವೆನಿಸುತ್ತಿದೆ, ನನ್ನಿಂದ ಯಾವ ನೆರವು ಬೇಕು ಎಂದು ಮಾತನಾಡಲು ಗುರುವಾರ ನಲವತ್ತೈದು ನಿಮಿಷ ಸಿಗಬಹುದೇ? ಇದು ಮೌಲ್ಯಮಾಪನಕ್ಕೆ ಸಂಬಂಧಿಸಿದ ಸಭೆಯಲ್ಲ. ಆ ದಿನ ಅನುಕೂಲವಿಲ್ಲದಿದ್ದರೆ ನಿಮಗೆ ಹೊಂದುವ ದಿನ ತಿಳಿಸಿ.' ಗಾಜಿನ ಗೋಡೆಯ ಕೋಣೆಯಲ್ಲಿ, ಇಡೀ ತಂಡದ ಕಣ್ಣೆದುರು ಕುಳಿತು ಯಾರೂ ತಮ್ಮ ಅಂಜಿಕೆಯನ್ನು ಹೇಳಿಕೊಳ್ಳುವುದಿಲ್ಲ ಎಂಬುದನ್ನೂ ಸ್ಥಳ ಗೊತ್ತುಮಾಡುವಾಗ ನೆನಪಿಟ್ಟುಕೊಳ್ಳಿ.

ಹಂತ 3: ಗೌಪ್ಯತೆಯ ಎಲ್ಲೆಯನ್ನು ಮೊದಲೇ ಎಳೆಯಿರಿ

ಇಲ್ಲಿ ಅವಸರ ಮಾಡಿದರೆ ಉಳಿದ ಹಂತಗಳೆಲ್ಲ ಮೇಲುಮೇಲಿನ ಮಾತಾಗುತ್ತವೆ. ಅದಕ್ಕಾಗಿ ಇದನ್ನು ಕೊಂಚ ವಿಸ್ತಾರವಾಗಿ ನೋಡೋಣ.

'ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ' ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಆದರೆ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಯಾರೂ ಅದನ್ನು ಪೂರ್ತಿಯಾಗಿ ಪಾಲಿಸಲಾರರು. ಕಿರುಕುಳದ ಸಂಗತಿ ಹೊರಬಂದರೆ, ಯಾರದಾದರೂ ಸುರಕ್ಷತೆಗೆ ಅಪಾಯವಿದೆ ಎಂದು ತಿಳಿದರೆ, ವಂಚನೆಯ ಸುಳಿವು ಸಿಕ್ಕರೆ, ಕಾನೂನಿನ ಪ್ರಕಾರ ಮಾಹಿತಿ ಕೊಡಲೇಬೇಕಾಗಿ ಬಂದರೆ ಮೌನವಾಗಿರಲು ಸಾಧ್ಯವಿಲ್ಲ. ಈ ಅಪವಾದಗಳನ್ನು ಉದ್ಯೋಗಿ ಬಾಯಿ ತೆರೆಯುವ ಮೊದಲೇ ಹೇಳಬೇಕು. ವಿಷಯ ಹೊರಬಿದ್ದ ಮೇಲೆ 'ಇದನ್ನು ನಾನು ಮೇಲಿನವರಿಗೆ ತಿಳಿಸಬೇಕಾಗುತ್ತದೆ' ಎಂದರೆ ಅದು ನಿಯಮಬದ್ಧವಾಗಿದ್ದರೂ ಎದುರಿನವರಿಗೆ ನಂಬಿಕೆದ್ರೋಹದಂತೆಯೇ ಕಾಣುತ್ತದೆ. ತಿಳಿಸಲೇಬೇಕಾದ ಸಂದರ್ಭ ಬಂದಾಗ, ಅಪಾಯ ಹೆಚ್ಚದ ಹೊರತು ಮೊದಲು ಅವರಿಗೇ ಹೇಳಿ ಆಮೇಲೆ ಮುಂದುವರಿಯುತ್ತೇನೆ ಎಂಬುದನ್ನೂ ಒಪ್ಪಂದದಲ್ಲಿ ಸೇರಿಸಿ.

ಮ್ಯಾನೇಜರ್ ತಾವೇ ಕೋಚ್ ಆಗಿರುವಾಗ ಮೌಲ್ಯಮಾಪನದ ನೆರಳು ಮೇಜಿನ ಮೇಲೆ ಬಿದ್ದೇ ಇರುತ್ತದೆ. ಅದನ್ನು ಮುಚ್ಚಿಡುವುದಕ್ಕಿಂತ ಹೀಗೆ ಹೇಳುವುದು ಒಳ್ಳೆಯದು: 'ನಿಮ್ಮ ವರ್ಷದ ಮೌಲ್ಯಮಾಪನ ಬರೆಯುವುದೂ ನಾನೇ. ಇಲ್ಲಿ ಕೇಳಿದ್ದನ್ನು ಮರೆತುಬಿಡುತ್ತೇನೆ ಎಂದು ನಾನು ಮಾತು ಕೊಡಲಾರೆ. ಆದರೆ ಇಲ್ಲಿ ನೀವು ಹೇಳಿಕೊಂಡ ತೊಡಕುಗಳನ್ನು ಅದರಲ್ಲಿ ಬರೆಯುವುದಿಲ್ಲ, ಕೆಲಸದಲ್ಲಿ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಯಾವುದಾದರೂ ವಿಷಯವನ್ನು ಬೇರೆ ಕೋಚ್ ಜೊತೆ ಮಾತನಾಡುವುದೇ ವಾಸಿ ಎನಿಸಿದರೆ ಹೇಳಿ, ಕಾರಣ ಕೇಳುವುದಿಲ್ಲ.' ಇಷ್ಟು ಕೇಳಿದ ಉದ್ಯೋಗಿ ಎಲ್ಲವನ್ನೂ ಹೇಳಲಿಕ್ಕಿಲ್ಲ. ಹೇಳದಿರಲು ಅವರಿಗೆ ಹಕ್ಕಿದೆ. ಆದರೆ ಹೇಳಿದಷ್ಟನ್ನು ತಿಳಿದೇ ಹೇಳಿರುತ್ತಾರೆ.

ಹೊರಗಿನ ಕೋಚ್ ಬಂದಾಗ ಮೂವರು ಪಾಲುದಾರರಾಗುತ್ತಾರೆ: ಹಣ ಕೊಡುವ ಸಂಸ್ಥೆ, ಕೋಚ್ ಮತ್ತು ಉದ್ಯೋಗಿ. ಟ್ರಾನ್ಸಾಕ್ಷನಲ್ ಅನಾಲಿಸಿಸ್ (ಜನರು ಪರಸ್ಪರ ವ್ಯವಹರಿಸುವ ಬಗೆಯನ್ನು ವಿಶ್ಲೇಷಿಸುವ ಮನಶ್ಶಾಸ್ತ್ರದ ಶಾಖೆ) ಪರಂಪರೆಯ ಫನಿಟಾ ಇಂಗ್ಲಿಷ್ 1975ರಲ್ಲಿ ಇದನ್ನು ಮೂರು ಮೂಲೆಗಳ ಒಪ್ಪಂದ ಎಂದು ವಿವರಿಸಿದರು. ಯಾವುದೇ ಎರಡು ಮೂಲೆಗಳ ನಡುವೆ ಏನು ಮಾತಾಗಿದೆ ಎಂಬುದು ಮೂರನೆಯವರಿಗೆ ತಿಳಿಯದಿದ್ದರೆ ಅವರು ಅದನ್ನು ಊಹಿಸಿಕೊಳ್ಳುತ್ತಾರೆ, ಆ ಊಹೆ ಸಾಮಾನ್ಯವಾಗಿ ಕೆಟ್ಟದ್ದೇ ಆಗಿರುತ್ತದೆ. ಆದ್ದರಿಂದ ಮೊದಲ ಕೋಚಿಂಗ್ ಮಾತುಕತೆಗೂ ಮುನ್ನ ಮೂವರೂ ಒಟ್ಟಿಗೆ ಅರ್ಧ ಗಂಟೆ ಕುಳಿತುಕೊಳ್ಳಬೇಕು. ಉದ್ಯೋಗಿಯಲ್ಲಿ ತಾವು ಯಾವ ಬದಲಾವಣೆ ಕಾಣಲು ಬಯಸುತ್ತಾರೆ ಎಂಬುದನ್ನು ಮ್ಯಾನೇಜರ್ ಆ ಉದ್ಯೋಗಿಯ ಎದುರಿಗೇ ಹೇಳಬೇಕು. ಕೋಚ್‌ನ ಕಿವಿಯಲ್ಲಿ ಮಾತ್ರ ಹೇಳಲು ಇಷ್ಟಪಡುವ ಸಂಗತಿ ಏನಾದರೂ ಇದ್ದರೆ, ಅದು ಬಹುತೇಕ ಮ್ಯಾನೇಜರ್ ತಾವೇ ಕೊಡಬೇಕಾಗಿದ್ದು ಕೊಡದೆ ಬಿಟ್ಟ ಅಭಿಪ್ರಾಯವಾಗಿರುತ್ತದೆ. ಕೋಚ್ ಅದನ್ನು ಹೊತ್ತು ತರುವ ದೂತನಾಗಬಾರದು.

ಅದೇ ಸಭೆಯಲ್ಲಿ ಸಂಸ್ಥೆಗೆ ಏನು ತಲುಪುತ್ತದೆ ಎಂಬುದನ್ನೂ ಗೊತ್ತುಮಾಡಿ. ನನ್ನ ಅಭಿಪ್ರಾಯದಲ್ಲಿ ಕೋಚ್‌ನಿಂದ ಹೋಗಬೇಕಾದದ್ದು ಒಂದೇ: ನಿಗದಿಯಾದ ಮಾತುಕತೆಗಳು ನಡೆದವೋ ಇಲ್ಲವೋ ಎಂಬ ಮಾಹಿತಿ. ಪ್ರಗತಿಯ ವಿವರವನ್ನು ಉದ್ಯೋಗಿ ತಾವೇ ಮಧ್ಯಾವಧಿಯ ತ್ರಿಪಕ್ಷೀಯ ಸಭೆಯಲ್ಲಿ ಹೇಳಲಿ. ಇಷ್ಟಾದರೂ ಒಂದು ದಿನ ಲಿಫ್ಟ್ ಬಳಿಯೋ ಕಾಫಿ ಯಂತ್ರದ ಬಳಿಯೋ ಮ್ಯಾನೇಜರ್ ಎದುರಾಗಿ 'ಹೇಗಿದ್ದಾರೆ ನಮ್ಮವರು?' ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡಿರಿ: 'ಅವರನ್ನೇ ಕೇಳಿ, ನೀವು ವಿಚಾರಿಸಿದರೆ ಅವರಿಗೂ ಸಂತೋಷವಾದೀತು.' 'ಪರವಾಗಿಲ್ಲ, ಚೆನ್ನಾಗಿ ಸಾಗುತ್ತಿದೆ' ಎಂಬ ನಿರುಪದ್ರವಿಯಂತೆ ಕಾಣುವ ಉತ್ತರವೂ ಎಲ್ಲೆ ಮೀರಿದ್ದೇ, ಏಕೆಂದರೆ ಮುಂದಿನ ತಿಂಗಳು ಅದೇ ಪ್ರಶ್ನೆಗೆ ನೀವು ಸುಮ್ಮನಿದ್ದರೆ ಆ ಮೌನಕ್ಕೂ ಅರ್ಥ ಹುಟ್ಟಿಕೊಳ್ಳುತ್ತದೆ.

ಟಿಪ್ಪಣಿಗಳ ಮಾತನ್ನೂ ಮರೆಯಬೇಡಿ. ಯಾರು ಬರೆದುಕೊಳ್ಳುತ್ತಾರೆ, ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂಬುದು ಗೊತ್ತಾಗಬೇಕು. ಸಂಸ್ಥೆಯ ಲ್ಯಾಪ್‌ಟಾಪಿನಲ್ಲಿ ಇರುವುದನ್ನು ಸಂಸ್ಥೆಯವರು ನೋಡಬಹುದಾದ ಸಾಧ್ಯತೆ ಇದ್ದೇ ಇರುತ್ತದೆ. ವಿಡಿಯೊ ಕರೆಯಲ್ಲಿ ಮಾತನಾಡುವಾಗ ರೆಕಾರ್ಡಿಂಗ್ ಅಥವಾ ಮಾತನ್ನು ತಾನಾಗಿ ಬರಹಕ್ಕಿಳಿಸುವ ತಂತ್ರಾಂಶ ಚಾಲೂ ಆಗಿದೆಯೇ ಎಂದು ಮೊದಲು ನೋಡಿ, ಆಗಿದ್ದರೆ ನಿಲ್ಲಿಸಿ. ಬೇಕೇ ಬೇಕೆನಿಸಿದರೆ ಅನುಮತಿ ಕೇಳಿ, ಆ ಬರಹ ಯಾರ ಯಾರ ಇನ್‌ಬಾಕ್ಸಿಗೆ ಹೋಗುತ್ತದೆ ಎಂಬುದನ್ನು ತಿಳಿಸಿ.

ಹಂತ 4: ಈ ದಿನದ ಮಾತಿನ ಗುರಿಯನ್ನು ಗೊತ್ತುಮಾಡಿ

ಇಡೀ ಕೋಚಿಂಗ್ ಅವಧಿಗೆ ಒಂದು ದೊಡ್ಡ ಗುರಿ ಇರಬಹುದು, ಆದರೆ ಪ್ರತಿ ಮಾತುಕತೆಗೂ ಅದರದೇ ಆದ ಒಪ್ಪಂದ ಬೇಕು. ನಲವತ್ತೈದು ನಿಮಿಷದಲ್ಲಿ ಐದರಿಂದ ಹತ್ತು ನಿಮಿಷ ಇದಕ್ಕೇ ಹೋದರೆ ಚಿಂತೆಯಿಲ್ಲ. ಉದ್ಯೋಗಿ ಮೊದಲು ಹೇಳುವ ವಿಷಯ ಹೆಚ್ಚಾಗಿ ತರಬೇತಿ ಕಾರ್ಯಕ್ರಮದ ಶೀರ್ಷಿಕೆಯಂತಿರುತ್ತದೆ: ಸಂವಹನ, ಆತ್ಮವಿಶ್ವಾಸ, ಸಮಯ ನಿರ್ವಹಣೆ. ಅದನ್ನು ಹಾಗೆಯೇ ಒಪ್ಪಿಕೊಂಡು ಹೊರಟರೆ ಮಾತು ಊರೆಲ್ಲ ಸುತ್ತುತ್ತದೆ. ಇತ್ತೀಚೆಗೆ ತಂಡದ ಹೊಣೆ ಹೊತ್ತ ಒಬ್ಬ ಉದ್ಯೋಗಿ ಮತ್ತು ಅವರ ಕೋಚ್ ನಡುವಿನ ಆರಂಭದ ಮಾತು ಹೀಗೆ ಸಾಗಬಹುದು.

ಕೋಚ್: 'ಇವತ್ತಿನ ಸಮಯವನ್ನು ಯಾವುದಕ್ಕೆ ಬಳಸಿಕೊಳ್ಳೋಣ?'

ಉದ್ಯೋಗಿ: 'ಟೈಮ್ ಮ್ಯಾನೇಜ್‌ಮೆಂಟ್ ಸರ್. ಯಾವ ಕೆಲಸವೂ ಹೊತ್ತಿಗೆ ಮುಗಿಯುತ್ತಿಲ್ಲ.'

ಕೋಚ್: 'ಇತ್ತೀಚೆಗೆ ಹಾಗಾದದ್ದು ಯಾವಾಗ?'

ಉದ್ಯೋಗಿ: 'ನಿನ್ನೆಯೇ. ತಂಡದವರು ಕಳುಹಿಸಿದ ನಾಲ್ಕು ವರದಿಗಳನ್ನು ನಾನೇ ಕೂತು ತಿದ್ದಿದೆ. ಎದ್ದಾಗ ರಾತ್ರಿ ಒಂಬತ್ತು.'

ಕೋಚ್: 'ನಾಲ್ಕರಲ್ಲೂ ತಪ್ಪಿತ್ತೇ?'

ಉದ್ಯೋಗಿ: 'ಎರಡರಲ್ಲಿ ಇತ್ತು. ಇನ್ನೆರಡು ಸರಿಯಾಗಿಯೇ ಇದ್ದವು. ಆದರೆ ನಾನು ಬರೆಯುವ ಹಾಗೆ ಇರಲಿಲ್ಲ.'

ಕೋಚ್: 'ಹಾಗಾದರೆ ಇವತ್ತು ನಾವು ನೋಡಬೇಕಾದದ್ದು ಸಮಯವನ್ನೋ, ಬೇರೆ ಯಾವುದನ್ನೋ?'

ಉದ್ಯೋಗಿ (ಸ್ವಲ್ಪ ಹೊತ್ತು ಸುಮ್ಮನಿದ್ದು): 'ಯಾವುದನ್ನು ತಿದ್ದಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನುವುದನ್ನು.'

ಕೋಚ್: 'ನಾವು ಏಳುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿದ್ದರೆ ಕೂತು ಮಾತಾಡಿದ್ದು ಸಾರ್ಥಕ ಅನಿಸುತ್ತದೆ?'

ಉದ್ಯೋಗಿ: 'ನಾಳೆ ಬರುವ ವರದಿಗಳಿಗೆ ಹಚ್ಚಿ ನೋಡಬಹುದಾದ ಎರಡು ಮೂರು ನಿಯಮ.'

ಕೋಚ್: 'ಆ ನಿಯಮಗಳು ಸರಿಯಾಗಿವೆ ಅಂತ ಹೇಗೆ ತಿಳಿಯುತ್ತದೆ?'

ಉದ್ಯೋಗಿ: 'ನಿನ್ನೆಯ ನಾಲ್ಕನ್ನೇ ಅದಕ್ಕೆ ಹಿಡಿದು ನೋಡಿದರೆ, ಎರಡು ತಿದ್ದದೆಯೇ ದಾಟಿ ಹೋಗಬೇಕು.'

ಇಲ್ಲಿ ಕೋಚ್ ಒಂದು ಸಲಹೆಯನ್ನೂ ಕೊಟ್ಟಿಲ್ಲ ಎಂಬುದಕ್ಕಿಂತ, ವಿಷಯ ಬದಲಾದಾಗ ಆ ಬದಲಾವಣೆಯನ್ನು ಉದ್ಯೋಗಿಯ ಬಾಯಿಂದಲೇ ಹೇಳಿಸಿದ್ದು ಮುಖ್ಯ. 'ನಿಮ್ಮ ಸಮಸ್ಯೆ ಸಮಯದ್ದಲ್ಲ, ಕೆಲಸ ಹಂಚಲು ಬಾರದಿರುವುದು' ಎಂದು ಕೋಚ್ ತಾವೇ ತೀರ್ಪು ಕೊಟ್ಟಿದ್ದರೆ ಉದ್ಯೋಗಿ ತಲೆಯಾಡಿಸುತ್ತಿದ್ದರು, ಆದರೆ ಉಳಿದ ಅರ್ಧ ಗಂಟೆ ಕೋಚ್ ಆರಿಸಿದ ವಿಷಯದ ಮೇಲೆ ನಡೆಯುತ್ತಿತ್ತು. ವಿಷಯ, ಅದರಿಂದ ಸಿಗಬೇಕಾದ ಫಲ, ಆ ಫಲ ಸಿಕ್ಕಿತೆಂದು ತಿಳಿಯುವ ಅಳತೆ, ಈ ಮೂರೂ ಕೆಲವೇ ನಿಮಿಷಗಳಲ್ಲಿ ಹೊರಬಂದಿವೆ. 'ಇದು ನಿಮಗೆ ಏಕೆ ಮುಖ್ಯ?' ಎಂಬ ಪ್ರಶ್ನೆಯನ್ನು ಪಠ್ಯಕ್ರಮಗಳು ಕಡ್ಡಾಯವೆಂಬಂತೆ ಸೇರಿಸುತ್ತವೆ. ಈ ಮಾತುಕತೆಯಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ, ರಾತ್ರಿ ಒಂಬತ್ತು ಎಂಬ ಉತ್ತರವೇ ಅದನ್ನು ಹೇಳಿಯಾಗಿದೆ. ಪ್ರಶ್ನಾವಳಿ ತುಂಬಿಸುವವರಂತೆ ಎಲ್ಲವನ್ನೂ ಕೇಳಬೇಕಾಗಿಲ್ಲ.

ಮ್ಯಾನೇಜರ್ ಕೋಚ್ ಆಗಿರುವಾಗ ಅವರಿಗೂ ಒಂದು ವಿಷಯ ಚರ್ಚಿಸಬೇಕಾಗಿರಬಹುದು. ಅದನ್ನು ಕೊನೆಯ ಐದು ನಿಮಿಷಕ್ಕೆ ಬಚ್ಚಿಟ್ಟುಕೊಳ್ಳದೆ ಆರಂಭದಲ್ಲೇ ಮೇಜಿನ ಮೇಲಿಡಿ: 'ನನ್ನ ಕಡೆಯಿಂದಲೂ ಒಂದು ಮಾತಿದೆ, ಗ್ರಾಹಕರ ಕರೆಗಳಿಗೆ ತಡವಾಗಿ ಉತ್ತರ ಹೋಗುತ್ತಿರುವುದರ ಬಗ್ಗೆ. ನಿಮ್ಮದನ್ನು ಮೊದಲು ಮುಗಿಸಿ, ಕೊನೆಗೆ ಹತ್ತು ನಿಮಿಷ ಅದಕ್ಕೆ ಇಟ್ಟುಕೊಳ್ಳೋಣವೇ, ಅಥವಾ ಬೇರೆ ದಿನ ಮಾತಾಡೋಣವೇ?'

ಹಂತ 5: ಮಾತಾಡುವ ಬಗೆಯನ್ನೂ ಕೇಳಿಕೊಳ್ಳಿ

ಇದಕ್ಕೆ ಹೆಚ್ಚು ಸಮಯ ಬೇಕಾಗಿಲ್ಲ. ಸಲಹೆ ಬೇಕೋ, ಪ್ರಶ್ನೆ ಕೇಳುತ್ತಾ ಯೋಚಿಸಲು ಬಿಡಬೇಕೋ. ಮಾತು ಅಡ್ಡದಾರಿ ಹಿಡಿದಾಗ ನಡುವೆ ತಡೆಯಬಹುದೋ. ಕಂಡದ್ದನ್ನು ನೇರವಾಗಿ ಹೇಳಿದರೆ ನಡೆಯುತ್ತದೆಯೋ ಎಂದು ಮೊದಲ ಮಾತುಕತೆಯಲ್ಲಿ ಒಮ್ಮೆ ಕೇಳಿದರೆ ಸಾಕು. ಸಲಹೆಯೇ ಬೇಕೆಂದು ಉದ್ಯೋಗಿ ಹೇಳಿದರೆ ಕೋಚಿಂಗ್ ತತ್ವದ ಹೆಸರಿನಲ್ಲಿ ಸತಾಯಿಸಬೇಡಿ. ಫಾರ್ಮ್ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ 'ಎಲ್ಲಿ ಸಿಗಬಹುದು ಎಂದು ನಿಮಗನಿಸುತ್ತದೆ?' ಎಂದು ಮರುಪ್ರಶ್ನೆ ಹಾಕುವ ಕೋಚ್‌ಗಳಿಂದಲೇ ಈ ವೃತ್ತಿಯ ಮೇಲೆ ಅರ್ಧದಷ್ಟು ಹಾಸ್ಯಗಳು ಹುಟ್ಟಿರುವುದು.

ಹಂತ 6: 'ಸರಿ' ಎಂಬ ಉತ್ತರವನ್ನು ಒರೆಗೆ ಹಚ್ಚಿ

ಮೇಲಿನ ಹುದ್ದೆಯವರು ಏನಾದರೂ ಕೇಳಿದರೆ ಕೆಳಗಿನವರು 'ಸರಿ' ಎನ್ನುತ್ತಾರೆ. ಅದು ಒಪ್ಪಿಗೆಯೂ ಇರಬಹುದು, ವಿನಯವೂ ಇರಬಹುದು, ಬೇಗ ಎದ್ದು ಹೋಗುವ ಆತುರವೂ ಇರಬಹುದು. ಟ್ರಾನ್ಸಾಕ್ಷನಲ್ ಅನಾಲಿಸಿಸ್ ಪರಂಪರೆಯನ್ನು ಹುಟ್ಟುಹಾಕಿದ ಮನೋವೈದ್ಯ ಎರಿಕ್ ಬರ್ನ್ 1966ರಲ್ಲಿ ಗುಂಪು ಚಿಕಿತ್ಸೆಯ ಸಂದರ್ಭದಲ್ಲಿ ಒಪ್ಪಂದಕ್ಕೆ ಆಡಳಿತಾತ್ಮಕ, ವೃತ್ತಿಪರ ಮತ್ತು ಮಾನಸಿಕ ಎಂಬ ಮೂರು ಮಟ್ಟಗಳಿವೆ ಎಂದು ವಿವರಿಸಿದ್ದರು. ದಿನಾಂಕ, ಅವಧಿ, ಸ್ಥಳ ಮೊದಲನೆಯದಕ್ಕೆ ಸೇರುತ್ತವೆ. ಗುರಿ ಮತ್ತು ವಿಧಾನ ಎರಡನೆಯದಕ್ಕೆ. ಬಾಯಿಬಿಟ್ಟು ಹೇಳದ ನಿರೀಕ್ಷೆ, ಅಂಜಿಕೆಗಳೆಲ್ಲ ಮೂರನೆಯದರಲ್ಲಿರುತ್ತವೆ, ಒಪ್ಪಂದ ಮುರಿದುಬೀಳುವುದು ಹೆಚ್ಚಾಗಿ ಅಲ್ಲಿಯೇ.

ಹುಸಿ ಒಪ್ಪಿಗೆಗೆ ಲಕ್ಷಣಗಳಿವೆ. ಉತ್ತರ ಬಹಳ ಬೇಗ ಬರುತ್ತದೆ. 'ಪ್ರಯತ್ನ ಮಾಡುತ್ತೇನೆ', 'ನೋಡೋಣ', 'ನೀವು ಹೇಳಿದ ಹಾಗೆ' ಎಂಬ ಮಾತುಗಳು ಹೆಚ್ಚುತ್ತವೆ. ಉದ್ಯೋಗಿ ಒಂದೂ ಪ್ರಶ್ನೆ ಕೇಳುವುದಿಲ್ಲ, ಒಂದೂ ತಿದ್ದುಪಡಿ ಸೂಚಿಸುವುದಿಲ್ಲ. ಆಗ 'ಅರ್ಥವಾಯಿತೇ?' ಎಂದು ಕೇಳಿ ಪ್ರಯೋಜನವಿಲ್ಲ, ಅದಕ್ಕೂ ಉತ್ತರ ಹೌದೇ. ಅದರ ಬದಲು ಎರಡು ದಾರಿಗಳಿವೆ. ಒಂದು, ಒಪ್ಪಂದವನ್ನು ಅವರದೇ ಮಾತಿನಲ್ಲಿ ಹೇಳುವಂತೆ ಕೇಳುವುದು: 'ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ ನನಗೆ, ನಾವು ಏನು ಮಾತಾಡಿಕೊಂಡೆವು ಎಂದು ನೀವೊಮ್ಮೆ ಹೇಳಿ.' ಇನ್ನೊಂದು, ನಿರಾಕರಣೆಗೆ ಜಾಗ ಕೊಡುವುದು: 'ಇದರಲ್ಲಿ ನಿಮಗೆ ಒಗ್ಗದ ಒಂದು ಅಂಶವನ್ನು ತೆಗೆಯಬಹುದು ಎಂದರೆ ಯಾವುದನ್ನು ತೆಗೆಯುತ್ತೀರಿ?' ಎರಡನೆಯ ಪ್ರಶ್ನೆ ಹೆಚ್ಚು ಉಪಯುಕ್ತ, ಏಕೆಂದರೆ ಅದು ಬೇಡ ಎನ್ನಬಹುದೇ ಎಂದು ಕೇಳದೆ, ಬೇಡವಾದದ್ದು ಒಂದಾದರೂ ಇದ್ದೇ ಇರುತ್ತದೆ ಎಂದು ಭಾವಿಸಿ ಕೇಳುತ್ತದೆ. ಹೀಗೆ ಬಂದ ಮೊದಲ ಆಕ್ಷೇಪವನ್ನು ನೀವು ಹೇಗೆ ಸ್ವೀಕರಿಸುತ್ತೀರಿ ಎಂಬುದನ್ನು ಎದುರಿನವರು ಗಮನಿಸುತ್ತಿರುತ್ತಾರೆ. ಸಮರ್ಥನೆಗೆ ಇಳಿದಿರೋ, ಎರಡನೆಯ ಆಕ್ಷೇಪ ಬರುವುದೇ ಇಲ್ಲ.

ಹಂತ 7: ಮಾತು ದಾರಿ ಬದಲಿಸಿದಾಗ ಒಪ್ಪಂದವನ್ನು ಮತ್ತೆ ತೆರೆಯಿರಿ

ವರದಿ ತಿದ್ದುವ ನಿಯಮಗಳ ಬಗ್ಗೆ ಮಾತನಾಡುತ್ತಿದ್ದವರು ಇಪ್ಪತ್ತನೆಯ ನಿಮಿಷದಲ್ಲಿ 'ನಿಜ ಹೇಳಬೇಕೆಂದರೆ, ನನಗೆ ಈ ಹುದ್ದೆಯೇ ಬೇಡವಾಗಿತ್ತು' ಎನ್ನಬಹುದು. ಈಗ ಕೋಚ್‌ನ ಮುಂದೆ ಎರಡು ಪ್ರಲೋಭನೆಗಳಿರುತ್ತವೆ: ಕೇಳಿಸಲಿಲ್ಲವೆಂಬಂತೆ ನಿಯಮಗಳಿಗೆ ಮರಳುವುದು, ಅಥವಾ ಹೊಸ ವಿಷಯದ ಬೆನ್ನು ಹತ್ತಿ ಹಳೆಯದನ್ನು ಕೈಬಿಡುವುದು. ಎರಡರಲ್ಲೂ ತೀರ್ಮಾನ ಕೋಚ್‌ನದಾಗಿಬಿಡುತ್ತದೆ. ನಿಂತು, ಕಂಡದ್ದನ್ನು ಹೇಳಿ, ಆಯ್ಕೆಯನ್ನು ಅವರಿಗೆ ಬಿಡಿ: 'ನೀವು ಈಗ ಹೇಳಿದ್ದು ನಾವು ಶುರುಮಾಡಿದ ವಿಷಯಕ್ಕಿಂತ ದೊಡ್ಡದು ಎನಿಸುತ್ತದೆ. ನಮಗೆ ಇನ್ನು ಇಪ್ಪತ್ತೈದು ನಿಮಿಷ ಇದೆ. ಅದರ ಬಗ್ಗೆ ಮಾತಾಡೋಣವೇ, ನಿಯಮಗಳನ್ನು ಮುಗಿಸೋಣವೇ?' ಇಲ್ಲಿ ಗೌಪ್ಯತೆಯ ಒಪ್ಪಂದವನ್ನೂ ಒಮ್ಮೆ ನೆನಪಿಸುವುದು ನ್ಯಾಯ. ಆರಂಭದಲ್ಲಿ ವರದಿಗಳಿಗೆ ಸರಿಹೊಂದುವಂತೆ ಒಪ್ಪಿಕೊಂಡ ಎಲ್ಲೆ, ಹುದ್ದೆಯನ್ನೇ ಬಿಡುವ ಮಾತಿಗೆ ಸಾಲದೆ ಹೋಗಬಹುದು.

ಮಾತು ಖಿನ್ನತೆ, ಕುಟುಂಬದ ಸಂಕಟ, ಸಾಲದ ಹೊರೆಯತ್ತ ತಿರುಗಿದರೆ ಗಮನವಿಟ್ಟು ಕೇಳಿ, ಆದರೆ ಚಿಕಿತ್ಸಕರ ಪಾತ್ರ ವಹಿಸಬೇಡಿ. ಇದಕ್ಕೆ ತಕ್ಕ ನೆರವು ಬೇರೆ ಕಡೆ ಸಿಗುತ್ತದೆ ಎಂದು ತಿಳಿಸಿ, ಅಲ್ಲಿಗೆ ತಲುಪಲು ನಿಮ್ಮಿಂದ ಏನು ಬೇಕು ಎಂದು ಕೇಳುವುದಷ್ಟೇ ನಿಮ್ಮ ಕೆಲಸ.

ಹಂತ 8: ಮುಗಿಸುವ ಮುನ್ನ ಮುಂದಿನ ಹೆಜ್ಜೆಯನ್ನು ಒಪ್ಪಿಕೊಂಡು ಬರೆದಿಡಿ

ಕೊನೆಯ ಏಳೆಂಟು ನಿಮಿಷಗಳನ್ನು ಇದಕ್ಕೆ ಕಾಯ್ದಿರಿಸಿ, ಮಾತು ಎಷ್ಟೇ ರಂಗೇರಿದ್ದರೂ ಸರಿ. ಮೊದಲು ಆರಂಭದ ಅಳತೆಗೆ ಹಿಂದಿರುಗಿ: ಬೇಕೆಂದದ್ದು ಸಿಕ್ಕಿತೇ? ಆಮೇಲೆ ಮುಂದಿನ ಹೆಜ್ಜೆ. 'ಇನ್ನು ಮುಂದೆ ಕಡಿಮೆ ತಿದ್ದುತ್ತೇನೆ' ಎಂಬುದು ಆಶಯವಷ್ಟೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂಬ ರೂಪದ ಸಂಕಲ್ಪ ಇಲ್ಲಿ ಕೈಹಿಡಿಯುತ್ತದೆ. 2006ರಲ್ಲಿ ಅವರು ಪಾಸ್ಕಲ್ ಶೀರನ್ ಜೊತೆ 94 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸಂದರ್ಭವನ್ನೂ ಕ್ರಿಯೆಯನ್ನೂ ಹೀಗೆ ಜೋಡಿಸಿಕೊಳ್ಳುವುದರಿಂದ ಗುರಿ ಮುಟ್ಟುವ ಸಾಧ್ಯತೆ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಕಂಡುಬಂತು. ಆದ್ದರಿಂದ 'ವರದಿ ಬಂದಾಗ ಮೊದಲು ಅಂಕಿಅಂಶ ಮತ್ತು ತೀರ್ಮಾನ ಮಾತ್ರ ನೋಡುತ್ತೇನೆ, ಅವು ಸರಿಯಿದ್ದರೆ ಭಾಷೆಯನ್ನು ಮುಟ್ಟದೆ ಕಳುಹಿಸುತ್ತೇನೆ' ಎಂಬ ಮಟ್ಟಕ್ಕೆ ಮಾತು ಇಳಿಯಬೇಕು. ಮಾಡಿದ್ದು ನಿಮಗೆ ಹೇಗೆ ತಿಳಿಯಬೇಕು, ತಿಳಿಯಬೇಕೋ ಬೇಡವೋ ಎಂಬುದನ್ನೂ ಅವರೇ ಗೊತ್ತುಮಾಡಲಿ. ನಿಮ್ಮ ಪಾಲಿನ ಕೆಲಸವೂ ಒಂದಾದರೂ ಅದರಲ್ಲಿರಲಿ, ಇಲ್ಲದಿದ್ದರೆ ಅದು ಒಂದು ಕಡೆಯವರಿಗೆ ಕೊಟ್ಟ ಮನೆಗೆಲಸದ ಪಟ್ಟಿಯಾಗುತ್ತದೆ.

ಬರೆಯುವ ಕೆಲಸ ಉದ್ಯೋಗಿಯದೇ ಆಗಿರಲಿ. ಮ್ಯಾನೇಜರ್ ಬರೆದ ಟಿಪ್ಪಣಿ, ಅದರ ಒಕ್ಕಣೆ ಎಷ್ಟೇ ಮೃದುವಾಗಿದ್ದರೂ, ಮೆಮೊ ವಾಸನೆ ಹೊಡೆಯುತ್ತದೆ. ನಾಲ್ಕೈದು ಸಾಲು ಸಾಕು: 'ನಾವು ಮಾತಾಡಿದ್ದು: ಯಾವ ವರದಿಯನ್ನು ತಿದ್ದಬೇಕು ಎಂಬ ಬಗ್ಗೆ. ನಾನು ಮಾಡುವುದು: ಎರಡು ವಾರ ಮೂರು ನಿಯಮಗಳನ್ನು ಬಳಸಿ ನೋಡುವುದು. ನೀವು ಮಾಡುವುದು: ಭಾಷೆ ಒರಟಾಗಿದೆ ಎಂದು ಮೇಲಿನಿಂದ ದೂರು ಬಂದರೆ ತಂಡದ ಬದಲು ನನಗೆ ತಿಳಿಸುವುದು. ಇದು ನಮ್ಮಿಬ್ಬರಲ್ಲೇ ಇರಬೇಕಾದದ್ದು: ಹುದ್ದೆಯ ಬಗ್ಗೆ ನಾನು ಹೇಳಿದ್ದು, ಅದನ್ನು ಇಲ್ಲಿ ಬರೆದಿಲ್ಲ. ಮುಂದಿನ ಮಾತು: ಎರಡು ವಾರದ ನಂತರದ ಗುರುವಾರ.' ಮರುದಿನದೊಳಗೆ ಇದು ಬಂದರೆ ನೆನಪು ಹಸಿಯಾಗಿರುವಾಗಲೇ ತಿದ್ದಬಹುದು. ನೀವು ಕೇಳಿಸಿಕೊಂಡದ್ದಕ್ಕೂ ಅವರು ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಮೇಲ್ ಸರಣಿಯಲ್ಲಿ ಚರ್ಚೆಗಿಳಿಯದೆ ಎರಡು ನಿಮಿಷ ಎದುರು ಬದುರು ಮಾತಾಡಿ.

ಹಂತ 9: ಒಪ್ಪಂದ ಮುರಿದಾಗ ಮತ್ತು ಮುಗಿದಾಗ

ಒಪ್ಪಿಕೊಂಡ ಕೆಲಸ ಆಗಿಲ್ಲವೆಂದರೆ ಕೂಡಲೇ ಹೊಸ ಯೋಜನೆಗೆ ಹಾರಬೇಡಿ, ಕಾರಣ ಕೇಳಿ ವಿಚಾರಣೆಯನ್ನೂ ನಡೆಸಬೇಡಿ. 'ನಾವು ಒಪ್ಪಿಕೊಂಡದ್ದು ಈಗಲೂ ನಿಮಗೆ ಬೇಕಾದದ್ದೇ?' ಎಂಬ ಪ್ರಶ್ನೆ ಮೊದಲು ಬರಲಿ. ಹಲವು ಸಲ ಗುರಿ ಮೊದಲಿನಿಂದಲೂ ಮ್ಯಾನೇಜರ್‌ರದಾಗಿತ್ತು ಎಂಬುದು ಈ ಹಂತದಲ್ಲಿ ಬೆಳಕಿಗೆ ಬರುತ್ತದೆ. ಕೆಲವೊಮ್ಮೆ ಗುರಿ ಸರಿಯಿದ್ದು ಹೆಜ್ಜೆ ದೊಡ್ಡದಾಗಿರುತ್ತದೆ, ಅದನ್ನು ಕಿರಿದು ಮಾಡಿದರೆ ಕೆಲಸ ಸಾಗುತ್ತದೆ. ಮೂರನೆಯ ಸಲವೂ ಅದೇ ಆದರೆ ಕೋಚಿಂಗ್ ಈ ವಿಷಯಕ್ಕೆ ತಕ್ಕ ಸಾಧನವೇ ಎಂಬುದನ್ನೇ ಚರ್ಚೆಗೆ ಇಡಬೇಕಾಗುತ್ತದೆ.

ಮುರಿದವರು ನೀವಾಗಿದ್ದರೆ, ಅಂದರೆ ಮಾತುಕತೆಯನ್ನು ಪದೇ ಪದೇ ಮುಂದೂಡಿದ್ದರೆ ಅಥವಾ ಹೇಳಬಾರದ ಒಂದು ಮಾತು ನಿಮ್ಮ ಬಾಯಿಂದ ಹೊರಗೆ ಹೋಗಿದ್ದರೆ, ಅದು ಬೇರೆಯವರಿಂದ ಅವರ ಕಿವಿಗೆ ಬೀಳುವ ಮುನ್ನ ನೀವೇ ಹೇಳಿ. ಏನು ಹೋಯಿತು, ಯಾರಿಗೆ ಹೋಯಿತು ಎಂಬುದನ್ನು ಮರೆಮಾಚದೆ ತಿಳಿಸಿ, ಕೋಚಿಂಗ್ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ತೀರ್ಮಾನವನ್ನು ಅವರಿಗೆ ಬಿಡಿ.

ಕೋಚಿಂಗ್ ಯಾವಾಗ ಮುಗಿಯುತ್ತದೆ ಎಂಬುದು ಮೊದಲ ದಿನವೇ ಒಪ್ಪಂದದಲ್ಲಿರಬೇಕು: ಆರು ಮಾತುಕತೆಗಳೋ, ಒಂದು ತ್ರೈಮಾಸಿಕವೋ, ನಿರ್ದಿಷ್ಟ ಗುರಿ ಮುಟ್ಟುವವರೆಗೋ. ಕಾರಣ ಹೇಳದೆಯೇ ನಡುವೆ ನಿಲ್ಲಿಸುವ ಅವಕಾಶ ಉದ್ಯೋಗಿಗಿರಲಿ. ಹಾಗೆ ನಿಲ್ಲಿಸಿದ್ದು ಅವರ ಕಡತದಲ್ಲಿ ಎಲ್ಲೂ ದಾಖಲಾಗದಂತೆ ತ್ರಿಪಕ್ಷೀಯ ಸಭೆಯಲ್ಲೇ ಸಂಸ್ಥೆಯಿಂದ ಒಪ್ಪಿಗೆ ಪಡೆಯಿರಿ. ಕೊನೆಯ ಮಾತುಕತೆಯಲ್ಲಿ ಮಾಡಬೇಕಾದ ಕೆಲಸಗಳು ಮೂರು: ಆರಂಭದ ಅಳತೆಗಳನ್ನು ಒಂದೊಂದಾಗಿ ನೋಡುವುದು, ಸಂಸ್ಥೆಗೆ ಕೊನೆಯ ವರದಿ ಹೋಗಬೇಕಿದ್ದರೆ ಅದರಲ್ಲಿ ಏನಿರಬೇಕೆಂದು ಉದ್ಯೋಗಿಯೊಂದಿಗೆ ಸಾಲು ಸಾಲಾಗಿ ಒಪ್ಪಿಕೊಳ್ಳುವುದು, ಹಾಗೂ ನಿಮ್ಮ ಬಳಿ ಇರುವ ಟಿಪ್ಪಣಿಗಳನ್ನು ಅವರಿಗೆ ಕೊಡಬೇಕೋ ಅಳಿಸಬೇಕೋ ಎಂದು ಕೇಳಿ, ಅಳಿಸುವುದಾದರೆ ಅವರ ಎದುರಿಗೇ ಅಳಿಸುವುದು.